ಅಜ್ಜನಿಗೆ ನೂರಾ, ತೊಂಬತ್ತೈದಾ? ಹಿಂದಿನವರು ನಿಜಕ್ಕೂ ಅಷ್ಟು ವರ್ಷ ಬದುಕುತ್ತಿದ್ರಾ?

ತೋಟದಂಚು (ಸಿರ್ಸಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನಿಗೆ ಈ ವರ್ಷ ನೂರು ತುಂಬಿತು ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ಊರವರೆಲ್ಲ ಸೇರಿ ಶತಾಯುಷಿ ಸನ್ಮಾನ ಮಾಡೋಣ, ಪೇಪರಿನವರನ್ನೂ ಕರೆಸೋಣ ಅಂತ ತಯಾರಿ ನಡೆದಿದೆ. ನನಗೆ ಮಾತ್ರ ಲೆಕ್ಕ ಕೂಡುತ್ತಿಲ್ಲ. ಬಾಯಿ ಬಿಟ್ಟರೆ ಮನೆಯಲ್ಲಿ ಬೈಸಿಕೊಳ್ಳಬೇಕು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಶಾಲೆಯ ದಾಖಲೆಯಲ್ಲಿ ಅಜ್ಜನ ಹುಟ್ಟಿದ ದಿನ 1-6-1930. ಆಧಾರ್ ಕಾರ್ಡಿನಲ್ಲಿ ಬರೀ 1928 ಅಂತಿದೆ, ಅದನ್ನು ಯಾರು ಹೇಳಿ ಬರೆಸಿದರೋ ದೇವರಿಗೇ ಗೊತ್ತು. ದೊಡ್ಡಪ್ಪ ನಂಬಿರೋದು ಮೆತ್ತಿನ (ಅಟ್ಟದ) ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕ ಜಾತಕವನ್ನು. ಅರ್ಧ ಗೆದ್ದಲು ತಿಂದಿದೆ. ಅಜ್ಜನ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಸಂವತ್ಸರ ಬರೆದ ಕಡೆ 'ಕ್ರೋ' ಅನ್ನೋವರೆಗೆ ಇದೆ, ಮುಂದೆ ತೂತು. ಅಜ್ಜನನ್ನೇ ಕೇಳಿದರೆ ಇಸವಿ ಗೊತ್ತಿಲ್ಲ ಅನ್ನುತ್ತಾರೆ. ಗಾಂಧಿ ಸಿರ್ಸಿಗೆ ಬಂದಾಗ ಅಪ್ಪಯ್ಯ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು ಅನ್ನೋದೊಂದು ನೆನಪಿದೆಯಂತೆ.

ಇನ್ನೊಂದು ವಿಷಯ. ಈ ಸನ್ಮಾನದ ಮಾತು ಶುರುವಾದಾಗಿಂದ ಬಂದ ನೆಂಟರೆಲ್ಲ ಒಂದೇ ರಾಗ. ಹಿಂದಿನವರು ಕುಚ್ಚಲಕ್ಕಿ ಗಂಜಿ, ತಂಬುಳಿ ಉಂಡು ನೂರು ವರ್ಷ ಬದುಕುತ್ತಿದ್ದರು, ಈಗಿನವರಿಗೆ ಐವತ್ತಕ್ಕೇ ಶುಗರ್ ಬಿ.ಪಿ. ಅಂತ. ಇದು ನಿಜವಾ?

ಅಜ್ಜನಿಗೆ ಇದ್ಯಾವುದೂ ಬೇಕಿಲ್ಲ. "ನೂರು ಕಟ್ಟಿಕೊಂಡು ಎಂತ ಮಾಡಲಿ ಮಾರಾಯ, ಅಡಿಕೆ ಕೊನೆಕೊಯ್ಲು ನೋಡಿದರೆ ಸಾಕು" ಅನ್ನುತ್ತಾರೆ.

ಕುಮಟಾ ಮಾಸ್ತರ

ತಮ್ಮಾ, ನಾನು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವ, ಈಗ ನಿವೃತ್ತ. ಮೊದಲು ಆ ಜೂನ್ 1ರ ಮೇಲೆ ಜಾಸ್ತಿ ಭಾರ ಹಾಕಬೇಡ. ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು! ಶಾಲೆ ಶುರುವಾಗೋದು ಜೂನ್‌ನಲ್ಲಿ. ಅಪ್ಪ ಮಗುವನ್ನು ಕರೆದುಕೊಂಡು ಬರುತ್ತಾನೆ, ತಾರೀಕು ಕೇಳಿದರೆ "ಹೋದ ಮಳೆಗಾಲದ ಆಚೆ ಮಳೆಗಾಲ" ಅನ್ನುತ್ತಾನೆ, ಮಾಸ್ತರು ಹುಡುಗನ ಮುಖ ನೋಡಿ ವಯಸ್ಸು ಸರಿಹೋಗುವ ಹಾಗೆ ಒಂದು ಜೂನ್ 1 ಬರೆದುಬಿಡುತ್ತಾರೆ. ಹಾಗಂತ ಅದು ಪೂರ್ತಿ ಸುಳ್ಳೂ ಅಲ್ಲ. ಒಂದೆರಡು ವರ್ಷ ಆಚೀಚೆ ಆಗಬಹುದು. ಐದು ವರ್ಷ ತಪ್ಪೋದು ಕಷ್ಟ, ಹತ್ತು ವರ್ಷದ ಹುಡುಗನನ್ನು ಐದು ವರ್ಷದವ ಅಂದರೆ ಯಾವ ಮಾಸ್ತರನೂ ಒಪ್ಪುವುದಿಲ್ಲ.

ಜಾತಕಕ್ಕೆ ಬರೋಣ. 'ಕ್ರೋ' ಅಂತ ಶುರುವಾಗುವ ಸಂವತ್ಸರ ಎರಡು, ಕ್ರೋಧಿ ಮತ್ತು ಕ್ರೋಧನ. ಕ್ರೋಧಿ ಬಂದದ್ದು 1904-05ರಲ್ಲಿ, ಆಮೇಲೆ 1964-65, ಮೊನ್ನೆ 2024-25. ಕ್ರೋಧನ ಬಂದದ್ದು 1925-26ರಲ್ಲಿ. 1904 ಅಂದರೆ ಅಜ್ಜನಿಗೆ ನೂರಾ ಇಪ್ಪತ್ತು ದಾಟುತ್ತದೆ. ಜಗತ್ತಿನಲ್ಲಿ ಗಟ್ಟಿ ದಾಖಲೆ ಇರುವ ಅತಿ ದೀರ್ಘ ಆಯುಸ್ಸು ಫ್ರಾನ್ಸಿನ ಜಾನ್ ಕಾಲ್ಮಾಂ ಎಂಬ ಹೆಂಗಸಿನದು, 1875ರಿಂದ 1997, 122 ವರ್ಷ. ಗಂಡಸರಲ್ಲಿ ಜಪಾನಿನ ಜಿರೋಮೋನ್ ಕಿಮುರಾ, 116. ಹಾಗಾಗಿ ಕ್ರೋಧಿ ಬಿಡು, ಕ್ರೋಧನ ಹಿಡಿ. ದೊಡ್ಡಪ್ಪನ ನೂರರ ಲೆಕ್ಕ ಅಲ್ಲಿಂದಲೇ ಬಂದಿರಬೇಕು.

ಗಾಂಧಿ ಈ ಜಿಲ್ಲೆಗೆ ಬಂದದ್ದು 1934ರಲ್ಲಿ, ಹರಿಜನ ಯಾತ್ರೆಯ ಕಾಲ. ಕ್ರೋಧನದಲ್ಲಿ ಹುಟ್ಟಿದ್ದರೆ ಅಜ್ಜ ಆಗ ಎಂಟು ವರ್ಷದ ಹುಡುಗ. ಎಂಟು ವರ್ಷದವನನ್ನು ಹೆಗಲ ಮೇಲೆ ಯಾರು ಹೊರುತ್ತಾರೆ? ನಾಲ್ಕು ವರ್ಷದವನಾದರೆ ಹೊರಬಹುದು. ನನ್ನ ವೋಟು 1930ರ ಕಡೆಗೆ.

ಒಂದು ಸೂಕ್ಷ್ಮ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಜ್ಜನಿಗಿಂತ ಮೊದಲು ಹುಟ್ಟಿ ಚಿಕ್ಕಂದಿನಲ್ಲೇ ತೀರಿಹೋದ ಅಣ್ಣ ಯಾರಾದರೂ ಇದ್ದರಾ? ಆಗ ಮಗು ಹೋದರೆ ಅದೇ ಹೆಸರನ್ನು ಮುಂದಿನ ಗಂಡುಮಗುವಿಗೆ ಇಡುತ್ತಿದ್ದರು, ಯಾಕಂದರೆ ಅದು ಅಜ್ಜನ ಹೆಸರು, ಮನೆಯಲ್ಲಿ ಉಳಿಯಬೇಕು. ಬೇರೆ ದೇಶಗಳಲ್ಲೂ ನೂರಾ ಹತ್ತು ದಾಟಿದೆ ಅನ್ನುವವರ ದಾಖಲೆ ತನಿಖೆ ಮಾಡುವವರು ನೋಡುವ ಮುಖ್ಯ ವಿಷಯಗಳಲ್ಲಿ ಇದೊಂದು. ಸತ್ತ ಅಣ್ಣನ ಕಾಗದ ಬದುಕಿದ ತಮ್ಮನ ಕೈಗೆ ಬಂದಿದೆಯಾ ಅಂತ.

ಸಿದ್ದಾಪುರದವ, ಈಗ ಬೆಂಗಳೂರು

ಮಾಸ್ತರೇ, ನಿಮಗೆ ದೊಡ್ಡ ನಮಸ್ಕಾರ. ಆದರೂ ಇಷ್ಟೆಲ್ಲ ತನಿಖೆ ಯಾಕೆ? ಅಜ್ಜನಿಗೆ ಒಂದು ಶಾಲು ಹೊದೆಸಿ, ಹಣ್ಣು ಕೊಟ್ಟು, ನಾಲ್ಕು ಜನ ಊಟ ಮಾಡಿ ಹೋಗ್ತಾರೆ. ತೊಂಬತ್ತೈದಾದರೂ ಅಷ್ಟೇ ನೂರಾದರೂ ಅಷ್ಟೇ. ಸುಮ್ನೆ ಇರಿ.

ಕುಮಟಾ ಮಾಸ್ತರ

ಶಾಲಿಗೆ ನನ್ನ ತಕರಾರಿಲ್ಲ, ಪೇಪರಿಗೆ ಇದೆ. ತೊಂಬತ್ತೈದೂ ನೂರೂ ಒಂದೇ ಅನ್ನೋದೂ ಸರಿಯಲ್ಲ. ಮೂವತ್ತು ದಾಟಿದ ಮೇಲೆ ಸಾಯುವ ಸಾಧ್ಯತೆ ಸುಮಾರು ಎಂಟು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತಾ ಹೋಗುತ್ತದೆ. ತೊಂಬತ್ತೈದರಲ್ಲಿ ಇರುವವರಲ್ಲಿ ನೂರು ಮುಟ್ಟುವವರು ಬಹಳ ಕಡಿಮೆ.

ಕಾಗದದ ಮೇಲಿನ ವಯಸ್ಸನ್ನು ನಂಬಿದರೆ ಏನಾಗುತ್ತದೆ ಅನ್ನೋದಕ್ಕೆ ಜಪಾನಿನ ಕಥೆ ಕೇಳಿ. 2010ರಲ್ಲಿ ಟೋಕಿಯೋದ ಅತಿ ಹಿರಿಯ ಗಂಡಸು, 111 ವರ್ಷ ಅಂತ ದಾಖಲೆ ಇದ್ದವನನ್ನು ಅಭಿನಂದಿಸೋಕೆ ಅಧಿಕಾರಿಗಳು ಮನೆಗೆ ಹೋಗಬೇಕು ಅಂತಿದ್ದರೆ ಮನೆಯವರು ಏನೇನೋ ನೆಪ ಹೇಳುತ್ತಿದ್ದರು. ಕೊನೆಗೆ ಪೊಲೀಸರು ಒಳಗೆ ಹೋದರೆ ಹಾಸಿಗೆಯಲ್ಲಿ ಒಣಗಿದ ಹೆಣ. ಸತ್ತು ಮೂವತ್ತು ವರ್ಷ ದಾಟಿತ್ತು, ಪಿಂಚಣಿ ಮಾತ್ರ ಬರುತ್ತಲೇ ಇತ್ತು. ಆಮೇಲೆ ದೇಶವಿಡೀ ಪರಿಶೀಲಿಸಿದರೆ, ಕುಟುಂಬದ ದಾಖಲೆಗಳಲ್ಲಿ ನೂರು ದಾಟಿ ಬದುಕಿದ್ದಾರೆ ಅಂತಿದ್ದವರಲ್ಲಿ 2,30,000ಕ್ಕೂ ಜಾಸ್ತಿ ಜನರ ಪತ್ತೆಯೇ ಇಲ್ಲ. ಹೆಚ್ಚಿನವರು ಯಾವಾಗಲೋ ಸತ್ತಿದ್ದರು, ಯಾರೂ ಹೆಸರು ತೆಗೆಸಿರಲಿಲ್ಲ. ಜಪಾನಿನ ಗತಿಯೇ ಇದಾದರೆ, ಜನನ ನೋಂದಣಿ ಕಡ್ಡಾಯ ಅನ್ನುವ ದೇಶಕ್ಕೆಲ್ಲ ಒಂದೇ ಕಾಯ್ದೆ 1969ರಲ್ಲಿ ಬಂದ ನಮ್ಮ ಕಥೆ ಹೇಳಬೇಕಾ?

ಹೊಳೆಸಾಲು (ಹೊನ್ನಾವರ)

ಮಾಸ್ತರ ಲೆಕ್ಕ ಸರಿ, ಆದರೆ ಹಿಂದಿನವರ ಗಟ್ಟಿತನವನ್ನು ಅಲ್ಲಗಳೆಯೋಕೆ ಆಗೋದಿಲ್ಲ. ನನ್ನ ಅಜ್ಜಿ ಎಂಬತ್ತರಲ್ಲೂ ಶರಾವತಿ ದಂಡೆಯಿಂದ ತಲೆ ಮೇಲೆ ಸೊಪ್ಪಿನ ಹೊರೆ ತರುತ್ತಿದ್ದರು. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನೋಡಿದವರು ಇಲ್ಲಿ ಬಹಳ ಜನ ಇರಬೇಕು. 2017ರಲ್ಲಿ ತೀರಿಕೊಂಡಾಗ ಎಂಬತ್ನಾಲ್ಕರ ಹತ್ತಿರ, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ಕುಣಿದವರು. ರಂಗದ ಮೇಲೆ ಬಂದರೆ ವಯಸ್ಸು ಎಲ್ಲಿ ಹೋಗುತ್ತಿತ್ತೋ! ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ಹೋದರು. ಜೀವನಪೂರ್ತಿ ನರ್ಸರಿಯಲ್ಲಿ ಬೀಜ ಆರಿಸಿ ಗಿಡ ಬೆಳೆಸಿದವರು, ಪದ್ಮಶ್ರೀ ತೆಗೆದುಕೊಳ್ಳೋಕೆ ಬರಿಗಾಲಲ್ಲಿ ಹೋದವರು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರಲ್ಲಿ ಹೋಗುವವರೆಗೂ ಹಾಲಕ್ಕಿ ಸಮುದಾಯದ ಹಾಡು ಬಾಯಲ್ಲಿ ಇಟ್ಟುಕೊಂಡಿದ್ದರು. ತುಳಸಿ ಗೌಡರ ಹುಟ್ಟಿದ ಇಸವಿಯನ್ನೂ ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ ಅನ್ನೋದು ಬೇರೆ ಮಾತು. ಇವರ್ಯಾರೂ ಜಿಮ್ಮಿಗೆ ಹೋಗಿದ್ದಿಲ್ಲ. ಊಟ, ಗಾಳಿ, ಮೈಮುರಿ ಕೆಲಸ, ಇದರಲ್ಲಿ ಏನೋ ಇದೆ ಅಲ್ವಾ?

ಕುಮಟಾ ಮಾಸ್ತರ

ಕೆಲಸದಲ್ಲಿ ಇದೆ, ಒಪ್ಪಿದೆ. ಗಂಜಿಯ ಮಹಿಮೆ ಅಷ್ಟು ಒಪ್ಪಲಾರೆ. ನಾವು ನೋಡಿದ್ದು ಉಳಿದವರನ್ನು. ಹೋದವರನ್ನು ಯಾರು ನೋಡಿದ್ದಾರೆ?

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದ ಸರಾಸರಿ ಆಯುಸ್ಸು 32ರ ಆಸುಪಾಸು. ಈಗ 70ರ ಹತ್ತಿರ. 32 ಅಂದರೆ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರು ಅಂತಲ್ಲ, ಬಹಳ ಮಕ್ಕಳು ಐದು ವರ್ಷ ಕಾಣದೆ ಹೋಗುತ್ತಿದ್ದವು, ಸರಾಸರಿ ಕೆಳಗೆ ಬೀಳುತ್ತಿತ್ತು. ಆ ಜರಡಿಯಲ್ಲಿ ಉಳಿದವರು ಸಹಜವಾಗಿ ಗಟ್ಟಿ ಜನ. ಅವರಲ್ಲಿ ಒಬ್ಬಿಬ್ಬರು ತೊಂಬತ್ತು ದಾಟುತ್ತಿದ್ದರು, ಅವರನ್ನೇ ನಾವು "ಹಿಂದಿನವರು" ಅಂತ ಕರೆಯೋದು.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಶತ್ರು ಚಳಿಜ್ವರ, ಅಂದರೆ ಮಲೇರಿಯಾ. ಸಿರ್ಸಿ, ಯಲ್ಲಾಪುರ, ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ ಹೊಟ್ಟೆ ಉಬ್ಬಿದ ಮಕ್ಕಳು ಅಂದರೆ ಗುಲ್ಮ ದೊಡ್ಡದಾದ ಮಕ್ಕಳು. ಒಳ್ಳೇ ಗಾಳಿ, ಒಳ್ಳೇ ನೀರು, ಕುಚ್ಚಲಕ್ಕಿ ಎಲ್ಲ ಆಗಲೂ ಇತ್ತಲ್ಲ? 1946ರ ಸುಮಾರಿಗೆ ಬೊಂಬಾಯಿ ಸರ್ಕಾರ ಧಾರವಾಡ ಮತ್ತು ಕೆನರಾ (ಈಗಿನ ಉತ್ತರ ಕನ್ನಡ) ಜಿಲ್ಲೆಗಳಲ್ಲಿ ಮನೆಮನೆಗೆ ಡಿ.ಡಿ.ಟಿ. ಹೊಡೆಸೋಕೆ ಶುರು ಮಾಡಿತು. ನಾವು ಆಗ ಬೊಂಬಾಯಿಗೆ ಸೇರಿದವರು, ಮೈಸೂರಿಗೆ ಬಂದದ್ದು 1956ರಲ್ಲಿ. ಇಲ್ಲಿ ಕಂಡ ಫಲ ನೋಡಿಯೇ 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದದ್ದು. ಜೊತೆಗೆ ಸಿಡುಬಿನ ಲಸಿಕೆ, ಕ್ಷಯದ ಔಷಧಿ, ವಾಂತಿಭೇದಿಗೆ ಉಪ್ಪು-ಸಕ್ಕರೆ ನೀರು. ನಮ್ಮ ಆಯುಸ್ಸು ಉದ್ದ ಮಾಡಿದ್ದು ಇವು. ತಂಬುಳಿ ನನಗೂ ಇಷ್ಟ, ಆದರೆ ಕೀರ್ತಿ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ. ಆ 122 ವರ್ಷದ ಕಾಲ್ಮಾಂ ನೂರು ದಾಟಿದ ಮೇಲೂ ಸಿಗರೇಟು ಸೇದುತ್ತಿದ್ದರು. ಅದನ್ನು ನೋಡಿ ನಾವು ಬೀಡಿ ಹಚ್ಚೋಕಾಗುತ್ತದಾ?

ಸಿದ್ದಾಪುರದವ, ಈಗ ಬೆಂಗಳೂರು

ಆ ಫ್ರಾನ್ಸಿನ ಅಜ್ಜಿಯ ಇನ್ನೊಂದು ಕಥೆ ಇದೆಯಲ್ಲ ಮಾಸ್ತರೇ! 1965ರಲ್ಲಿ ಅವರಿಗೆ 90 ಆಗಿದ್ದಾಗ ಒಬ್ಬ ವಕೀಲ ಅವರ ಮನೆಯನ್ನು ಕರಾರು ಮಾಡಿಕೊಂಡ. ಅಜ್ಜಿ ಇರುವವರೆಗೆ ತಿಂಗಳಿಗೆ 2,500 ಫ್ರಾಂಕ್ ಕೊಡಬೇಕು, ಹೋದ ಮೇಲೆ ಮನೆ ಇವನದು. ವಕೀಲನಿಗೆ ಆಗ 47. ಮೂವತ್ತು ವರ್ಷ ಕೊಟ್ಟ, 1995ರಲ್ಲಿ ಅವನೇ ಸತ್ತ. ಆಮೇಲೆ ಅಜ್ಜಿ ಹೋಗುವವರೆಗೆ ಅವನ ಮನೆಯವರು ಕೊಡುತ್ತಾ ಇದ್ದರು.

ನಮ್ಮ ಕಡೆ ನಡೆಯೋದು ಇದರ ಉಲ್ಟಾ. ತೋಟ ಬರೆಸಿಕೊಳ್ಳುತ್ತಾರೆ, ಆಮೇಲೆ ಫೋನೂ ಇಲ್ಲ. ಯಾರಾದರೂ ಹಿರಿಯರು ಇದನ್ನು ಓದುತ್ತಿದ್ದರೆ ಒಂದು ಮಾತು. ಮಕ್ಕಳಿಗೆ ದಾನಪತ್ರ ಮಾಡುವಾಗ "ನಮ್ಮನ್ನು ನೋಡಿಕೊಳ್ಳಬೇಕು" ಅನ್ನೋ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ದಾನಪತ್ರ ರದ್ದು ಮಾಡಿ ಅಂತ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿಗೆ ಅರ್ಜಿ ಕೊಡಬಹುದು. ಬರೆಸಿಲ್ಲದಿದ್ದರೆ ಒದ್ದಾಟ ಜಾಸ್ತಿ. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567 ಇದೆ.

ಅಮ್ಮಮ್ಮನ ಮೊಮ್ಮಗಳು (ಯಲ್ಲಾಪುರ)

ಎಲ್ಲರೂ ಅಜ್ಜಂದಿರ ವಯಸ್ಸಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಅಮ್ಮಮ್ಮನಿಗೆ ಶಾಲೆಯ ದಾಖಲೆಯೇ ಇಲ್ಲ, ಶಾಲೆಗೆ ಹೋದರೆ ತಾನೇ? ಜಾತಕ ಮದುವೆ ಮಾತುಕತೆಗೆ ಹೋದದ್ದು ವಾಪಸ್ ಬಂದಿಲ್ಲ. ಅವರ ವಯಸ್ಸು ಲೆಕ್ಕ ಹಾಕೋದು ಹೇಗೆ ಅಂದರೆ, ದೊಡ್ಡ ಮಾವ ಹುಟ್ಟಿದಾಗ ಹದಿನೇಳೋ ಹದಿನೆಂಟೋ ಇರಬೇಕು, ಅದಕ್ಕೆ ದೊಡ್ಡ ಮಾವನ ವಯಸ್ಸು ಕೂಡಿಸೋದು. ದೊಡ್ಡ ಮಾವ ಹುಟ್ಟಿದ್ದೂ ಜೂನ್ 1ಕ್ಕೇ!

ಜಪಾನಿನಲ್ಲಿ ನೂರು ದಾಟಿದವರಲ್ಲಿ ನೂರಕ್ಕೆ 88ರಷ್ಟು ಹೆಂಗಸರೇ ಅಂತೆ. ನಮ್ಮಲ್ಲೂ ಹಳ್ಳಿಯ ಮನೆಗಳಲ್ಲಿ ಕೊನೆಗೆ ಉಳಿಯೋದು ಅಜ್ಜಿಯರೇ. ಆದರೆ ಶತಾಯುಷಿ ಸನ್ಮಾನದ ಫೋಟೋ ತೆಗೆದು ನೋಡಿ, ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ, ಹಿಂದೆ ತಟ್ಟೆ ಹಿಡಿದು ಯಾರು ನಿಂತಿರುತ್ತಾರೆ. ಆ ತಟ್ಟೆ ಹಿಡಿದ ಸೊಸೆಗೂ ಎಪ್ಪತ್ತು ದಾಟಿರುತ್ತದೆ. ಅತ್ತೆ-ಮಾವನ ಸೇವೆ ಮುಗಿಯುವಷ್ಟರಲ್ಲಿ ಇವಳ ಮಂಡಿ ಹೋಗಿರುತ್ತದೆ. ದೀರ್ಘಾಯುಷ್ಯ ಅಂತ ಹೊಗಳುವಾಗ ಆ ಆಯುಷ್ಯವನ್ನು ದಿನಾ ಎತ್ತಿ ಕೂರಿಸಿದವರು ಯಾರು ಅಂತಲೂ ಒಂದು ಸಾಲು ಹೇಳಿ. ತೋಟದಂಚು ಅವರೇ, ನಿಮ್ಮ ದೊಡ್ಡಮ್ಮನಿಗೂ ಒಂದು ಸೀರೆ ಉಡಿಸಿ ಅಂತ ನನ್ನ ಸಲಹೆ.

ಕಡವಾಡ ಸಿಸ್ಟರ್ (ಕಾರವಾರ)

ನಾನು ನರ್ಸ್. ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸವನ್ನೂ ಮಾಡಿದ್ದೇನೆ. ನೂರೋ ತೊಂಬತ್ತೈದೋ ನೀವೇ ತೀರ್ಮಾನ ಮಾಡಿಕೊಳ್ಳಿ. ಈ ವಯಸ್ಸಿನವರು ಇನ್ನೂ ಓಡಾಡುತ್ತಿದ್ದಾರೆ ಅಂದರೆ ಅವರನ್ನು ಬೀಳದ ಹಾಗೆ ನೋಡಿಕೊಳ್ಳಿ, ನನ್ನ ಮುಖ್ಯ ಮಾತು ಇಷ್ಟೇ. ಸಮಾರಂಭದ ದಿನ ಮನೆ ತುಂಬ ಜನ, ಅಂಗಳ ತುಂಬ ಚಪ್ಪಲಿ, ನೆಲದ ಮೇಲೆ ಲೈಟಿನ ವಯರು, ಜಮಖಾನೆಯ ಅಂಚು. ಎಲ್ಲರೂ ಕಾಲಿಗೆ ಬೀಳುವ ಗಡಿಬಿಡಿಯಲ್ಲಿ ಅಜ್ಜನೇ ಬೀಳಬಾರದು.

ತೊಡೆಯ ಸಂದಿನ ಮೂಳೆ ಮುರಿದರೆ ಈ ವಯಸ್ಸಿನಲ್ಲಿ ಬಹಳ ಜನ ಮತ್ತೆ ಮೊದಲಿನ ಹಾಗೆ ನಡೆಯುವುದಿಲ್ಲ. ಮಲಗಿಯೇ ಇದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಪರೇಷನ್ ಅಂದರೆ ಸಿರ್ಸಿಯವರು ಹುಬ್ಬಳ್ಳಿಗೆ, ನಾವು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ ಓಡಬೇಕು. ಘಟ್ಟದ ರಸ್ತೆಯಲ್ಲಿ ಮುರಿದ ಮೂಳೆ ಇಟ್ಟುಕೊಂಡು ಹೋಗೋದನ್ನು ಯೋಚನೆ ಮಾಡಿ.

ಅದಕ್ಕೇ ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ. ಮಳೆಗಾಲದಲ್ಲಿ ಪಾಚಿ ಕಟ್ಟುವ ಕಲ್ಲು ಇದ್ದರೆ ತಿಕ್ಕಿಸಿ. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ. ಎದ್ದ ಕೂಡಲೇ ನಡೆಯೋದು ಬೇಡ, ಮಂಚದ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲಲಿ, ಯಾಕಂದರೆ ಎದ್ದಾಗ ಬಿ.ಪಿ. ಇಳಿದು ತಲೆ ತಿರುಗುತ್ತದೆ. ನಿದ್ದೆ ಮಾತ್ರೆ ಕೊಡುತ್ತಿದ್ದರೆ ಅದು ನಿಜಕ್ಕೂ ಬೇಕಾ ಅಂತ ಡಾಕ್ಟರ ಹತ್ತಿರ ಕೇಳಿ.

ಇನ್ನೊಂದು ವಿಷಯ ಎಷ್ಟು ಮನೆಯಲ್ಲಿ ಹೇಳಿದರೂ ಸಾಲದು. ವಯಸ್ಸಾದವರು ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯಿಂದ ನೀರೇ ಕುಡಿಯುವುದಿಲ್ಲ. ಸೊಸೆಯನ್ನು ಎಬ್ಬಿಸೋಕೆ ಸಂಕೋಚ. ನೀರು ಕಡಿಮೆಯಾಗಿ ಮೂತ್ರದ ಸೋಂಕು ಆಗುತ್ತದೆ, ಜ್ವರವೂ ಬರದೆ ಇರಬಹುದು, ಒಂದೇ ರಾತ್ರಿಯಲ್ಲಿ ಮಾತು ಅಡ್ಡಾದಿಡ್ಡಿ ಆಗಿಬಿಡುತ್ತದೆ. ಸತ್ತ ತಾಯಿಯನ್ನು ಕರೆಯುತ್ತಾರೆ, ಮಗನ ಗುರುತು ಹತ್ತುವುದಿಲ್ಲ. ಮನೆಯವರು "ಅರಳು ಮರಳು, ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತಾರೆ. ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದರೂ ಹೀಗೇ ಆಗುತ್ತದೆ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಬರುತ್ತದೆ. ನಿನ್ನೆ ಸರಿ ಇದ್ದವರು ಇವತ್ತು ಹೀಗಾದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ, ರಕ್ತ ಮೂತ್ರ ಪರೀಕ್ಷೆ ಮಾಡಿಸಿ. ಹೆಚ್ಚಿನ ಸಲ ಗುಣವಾಗುತ್ತದೆ.

ಕಿವಿಯದ್ದೂ ನೋಡಿ. "ಅಜ್ಜ ಈಗೀಗ ಯಾರ ಜೊತೆಯೂ ಮಾತಾಡೋದಿಲ್ಲ, ಬೇಸರ ಬಂದಿದೆ" ಅಂತ ಕರೆಸಿರುತ್ತಾರೆ, ನೋಡಿದರೆ ಕಿವಿಯಲ್ಲಿ ಗುಗ್ಗೆ ತುಂಬಿರುತ್ತದೆ! ಮಾತು ಕೇಳದವರು ಎಷ್ಟು ದಿನ ಅಂತ ತಲೆ ಅಲ್ಲಾಡಿಸಿಕೊಂಡು ಕೂರುತ್ತಾರೆ ಹೇಳಿ.

"ಸಾಕಾಯ್ತು, ದೇವರು ಕರೆಯೋದಿಲ್ಲ" ಅಂತ ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ಕೆಲವರಿಗೆ ಅದು ಸುಮ್ಮನೆ ಬಾಯಿಮಾತು, ಕೆಲವರಿಗೆ ನೋವಿದೆ, ಹೇಳಿಕೊಂಡಿಲ್ಲ. ಇನ್ನು ಕೆಲವರು ಮನಸ್ಸಿನಿಂದಲೇ ಹೇಳುತ್ತಾರೆ, ಅವರದು ತಪ್ಪು ಅಂತ ನನಗೆ ಅನಿಸಿಲ್ಲ. ಕೂಡಲೇ "ಹಾಗೆಲ್ಲ ಹೇಳಬೇಡಿ, ನೂರು ವರ್ಷ ಇರಿ" ಅಂತ ಬಾಯಿ ಮುಚ್ಚಿಸಬೇಡಿ. ಎಲ್ಲಿ ನೋವು, ಏನು ಬೇಜಾರು ಅಂತ ಕೇಳಿ.

ತೋಟದಂಚು (ಸಿರ್ಸಿ ಹತ್ತಿರ)

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್.

ಮಾಸ್ತರೇ, ನಿನ್ನೆ ಸಂಜೆ ಅಜ್ಜನ ಹತ್ತಿರ ಕೇಳಿದೆ. ಅಡಿಕೆ ಸುಲಿಯುವವರ ಪಕ್ಕ ಕೂತಿದ್ದರು. ಅಣ್ಣ ಯಾರಾದರೂ ಇದ್ದನಾ ಅಂದರೆ "ಇದ್ದನಲ್ಲ, ಚಳಿಜ್ವರ ಬಂದು ಹೋದ, ನಾ ಹುಟ್ಟುವ ಮುಂಚೆ. ಅವನ ಹೆಸರೇ ನನಗೆ ಇಟ್ಟದ್ದು. ಪೆಟ್ಟಿಗೆಯಲ್ಲಿ ಇರೋದು ಅವನ ಜಾತಕ" ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, ನೀವು ಯಾರೂ ಕೇಳಲಿಲ್ಲ ಅಂತ. ಅವರದೇ ಜಾತಕ ಎಲ್ಲಿ ಹೋಯಿತೋ ಗೊತ್ತಿಲ್ಲವಂತೆ.

ದೊಡ್ಡಪ್ಪನಿಗೆ ಸ್ವಲ್ಪ ಮುಖ ಸಣ್ಣದಾಯಿತು, ಆದರೆ ಶಾಮಿಯಾನಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ಹಾಗಾಗಿ ಊಟ ಇದೆ, ಪೇಪರಿನವರು ಇಲ್ಲ. ಆಮಂತ್ರಣದಲ್ಲಿ ಸಂಖ್ಯೆ ಹಾಕೋದು ಬೇಡ ಅಂತ ಮಾಡಿದ್ದೇವೆ. ದೊಡ್ಡಮ್ಮನ ಸೀರೆ ವಿಷಯ ಹೇಳಿದೆ, ಆಯಿಗೆ (ನನ್ನ ಅಮ್ಮನಿಗೆ) ಬಹಳ ಖುಷಿಯಾಯಿತು, ದೊಡ್ಡಮ್ಮ ಮಾತ್ರ "ನನಗೆ ಮೊದಲು ಮಂಡಿಗೆ ತೋರಿಸಿ" ಅಂದರು. ಸಿರ್ಸಿಯಲ್ಲಿ ಮುಂದಿನ ವಾರ ತೋರಿಸುತ್ತೇವೆ.

ಕಿವಿ ನೋಡಿಸಿದ್ದಾಯಿತು. ಎಡಗಿವಿಯಲ್ಲಿ ನಿಜವಾಗಿಯೂ ಗುಗ್ಗೆ ಇತ್ತು ಸಿಸ್ಟರ್. ಒಂದು ಪ್ರಶ್ನೆ, ಅಜ್ಜನಿಗೆ ವಾಕರ್ ತರೋಣ ಅಂತಿದ್ದೇವೆ. ಚಕ್ರ ಇರುವುದು ಒಳ್ಳೆಯದಾ, ಇಲ್ಲದ್ದಾ? ನಮ್ಮ ಮನೆಯಲ್ಲಿ ಎಲ್ಲ ಕೋಣೆಗೂ ಹೊಸ್ತಿಲು ಇದೆ.

ಕಡವಾಡ ಸಿಸ್ಟರ್ (ಕಾರವಾರ)

ಹೊಸ್ತಿಲು ಇರುವ ಮನೆಗೆ ಚಕ್ರದ್ದು ಬೇಡ, ಜಾರಿಕೊಂಡು ಮುಂದೆ ಹೋಗುತ್ತದೆ. ನಾಲ್ಕು ಕಾಲಿನ ಹಗುರದ್ದು ತನ್ನಿ, ಕಾಲಿನ ತುದಿಗೆ ರಬ್ಬರ್ ಬುಶ್ ಇದೆಯಾ ನೋಡಿ, ಸವೆದರೆ ಬದಲಾಯಿಸಬೇಕು. ಅಜ್ಜ ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರುವ ಹಾಗೆ ಎತ್ತರ ಹೊಂದಿಸಿ. ಹೊಸ್ತಿಲು ದಾಟುವಾಗ ಮೊದಮೊದಲು ಯಾರಾದರೂ ಪಕ್ಕದಲ್ಲಿ ಇರಿ. ಅಂಗಳಕ್ಕೆ ಅದು ಬೇಡ, ಅಲ್ಲಿ ಕೋಲೇ ಸರಿ, ಜೊತೆಗೊಬ್ಬರು ಇರಲಿ. ದೊಡ್ಡಮ್ಮನ ಮಂಡಿಯ ಎಕ್ಸ್‌ರೇ ಆದ ಮೇಲೆ ಡಾಕ್ಟರು ಏನಂದರು ಅಂತ ಬರೆಯಿರಿ, ಮನೆಯಲ್ಲೇ ಮಾಡುವ ವ್ಯಾಯಾಮ ಹೇಳಿಕೊಡುತ್ತೇನೆ.